ಹಂಚದೆ ಉಳಿದ ಇನ್ನೂರಿಪ್ಪತ್ತು

ನರೀನ್ ಊರಿನ ಹುಲ್ಲುಗಾವಲು ಸಮಿತಿಯ ಕಚೇರಿ.
ಹೊರಗೆ ಮೈನಸ್ ಇಪ್ಪತ್ತಾರು. ಒಳಗೆ
ಕಲ್ಲಿದ್ದಲ ಒಲೆ, ಒಲೆಯ ಮೇಲೆ ಕೆಟಲು,
ಮೇಜಿನ ಕೆಳಗೆ ಹೊಸ ಸರ್ವರ್.
ಪೆಟ್ಟಿಗೆಯಿಂದ ತೆಗೆದು ಎರಡು ಗಂಟೆ ಸುಮ್ಮನೆ ಇಟ್ಟಿದ್ದೆ:
ಬಿಶ್ಕೆಕ್‌ನಿಂದ ಘಾಟಿ ದಾಟಿ ಬಂದದ್ದು, ಮೈ ಬೆವರುತ್ತದೆ,
ಬೆವರು ಆರುವ ತನಕ ಕರೆಂಟು ಕೊಡಬಾರದು.

ಪರದೆಯ ಮೇಲೆ ನೀಲಿ.
ಡಿಸ್ಕನ್ನು ಹೇಗೆ ಪಾಲು ಮಾಡಲಿ?
ಮಿಕ್ಕ ಪ್ರಶ್ನೆಗಳಿಗೆಲ್ಲ ಎಂಟರ್ ಒತ್ತಿದರೆ ಸಾಕು,
ಇದೊಂದಕ್ಕೆ ಕುರ್ಚಿ ಎಳೆದು ಕೂರಬೇಕು.

ನಾನೂರ ಎಂಬತ್ತು ಜೀಬಿ.
ಬೂಟಿಗೆ ಮೊದಲೇ ಒಂದು, ಬೇಲಿಯ ಹೊರಗೆ:
ಯಂತ್ರ ಕಣ್ಣು ಬಿಡುವ ಹೊತ್ತಿಗೆ
ಒಳಗಿನ ಗಡಿಗಳನ್ನು ಓದಲು ಅದಕ್ಕಿನ್ನೂ ಬಂದಿರುವುದಿಲ್ಲ.
ಉಳಿದದ್ದೆಲ್ಲ ಒಂದೇ ಗುಂಪು. ಗುಂಪಿನೊಳಗೆ
ಗೆರೆ ಎಳೆಯುತ್ತ ಹೋಗುವುದು. ಬಾಂದು ಕಲ್ಲಲ್ಲ, ಗೆರೆ,
ಸುಣ್ಣದ ಪುಡಿಯಲ್ಲಿ ಎಳೆದ ಹಾಗೆ.
ರೂಟಿಗೆ ನಲವತ್ತು. ಸ್ವಾಪಿಗೆ ಎಂಟು.
ಕುರಿ ಕುದುರೆಗಳ ಲೆಕ್ಕಕ್ಕೆ ನೂರೈವತ್ತು.
ವಾರ್ ಅನ್ನುವ ಕೋಣೆಗೆ, ಲಾಗು ಉಣ್ಣುವ ಆ ಬಕಾಸುರನಿಗೆ,
ಅರವತ್ತು.

ಎಸೆನ್‌ಗುಲ್ ಬಾಯ್ಕೆ, ಸಮಿತಿಯ ಅಧ್ಯಕ್ಷರು,
ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.
ಬೆರಳು ಮಡಿಚಿ ಕೂಡಿಸಿದರು.
"ಇನ್ನೂರಿಪ್ಪತ್ತು ಎಲ್ಲಿ?"
"ಯಾರಿಗೂ ಕೊಟ್ಟಿಲ್ಲ."
"ದುಡ್ಡು ಪೂರ್ತಿ ಕೊಟ್ಟಿದ್ದೇವೆ, ಮಗಳೇ."
"ಹೌದು."

ಹಳೆಯ ಯಂತ್ರದ ಕತೆ ಅವರಿಗೂ ಗೊತ್ತು.
ಯಾರೋ ಆತುರಗಾರ ಇಡೀ ಡಿಸ್ಕನ್ನು ಒಂದೇ ಕೋಣೆ ಮಾಡಿ ಹೋಗಿದ್ದ.
ಕುರಿ ಈಯುವ ಏಪ್ರಿಲ್‌ನಲ್ಲಿ ಲಾಗುಗಳು ಉಬ್ಬಿ
ಲೆಕ್ಕದ ಕತ್ತು ಹಿಸುಕಿ, ಮೂರು ದಿನ
ಮರಿಗಳೆಲ್ಲ ಸಿಗರೇಟು ಪ್ಯಾಕಿನ ಬೆನ್ನ ಮೇಲೆ ಹುಟ್ಟಿದವು.

"ಬೆಳೆಸುವುದು ಒಂದು ಸಾಲಿನ ಕೆಲಸ," ಎಂದೆ.
"ಕೊಟ್ಟದ್ದನ್ನು ವಾಪಸು ಕೇಳುವುದಿದೆಯಲ್ಲ,
ಕೆಲವು ಕಡೆ ಅದು ಆಗುವುದೇ ಇಲ್ಲ."

ಅವರು ಒಲೆಗೆ ಇದ್ದಲು ಹಾಕಿದರು.
ಆಮೇಲೆ ಹೇಳಿದರು, ಒಲೆಗೇ ಹೇಳುವವರ ಹಾಗೆ:
ಕೊಲ್ಖೋಜ್ ಮುರಿದ ವರ್ಷ ಎಲ್ಲವನ್ನೂ ಹಂಚಿದೆವು.
ನನ್ನ ಪಾಲಿಗೆ ಹನ್ನೊಂದು ಕುರಿ,
ಒಂದು ಟ್ರ್ಯಾಕ್ಟರಿನ ಕಾಲು ಭಾಗ.
ಕಾಲು ಟ್ರ್ಯಾಕ್ಟರು ಓಡಿಸಿದ್ದೀಯಾ ನೀನು?
ಮುಕ್ಕಾಲಿನವರು ತಮ್ಮ ತಮ್ಮ ಚಕ್ರ ಬಿಚ್ಚಿಕೊಂಡು ಹೋದರು.
ಕುರಿಗಳು ಆ ಚಳಿಗಾಲಕ್ಕೇ ಮುಗಿದವು, ಹಿಟ್ಟಿಗೆ.
ಉಳಿದದ್ದು ಮೇಲಿನ ಜಾಯ್ಲೋ ಒಂದೇ, ಬೇಸಿಗೆಯ ಹುಲ್ಲು.
ಅದನ್ನೂ ತುಂಡು ಮಾಡಿ ಎಂದವರಿದ್ದರು.
ಹಿಮ ಬಿದ್ದಿತ್ತು. ಅಳೆಯುವವನು ಅರ್ಧ ಹತ್ತಿ ಇಳಿದುಬಂದ.
ಅಷ್ಟೇ ಕಾರಣ.
ಬುದ್ಧಿಯಿಂದ ಉಳಿಸಿದ್ದಲ್ಲ.

ಗುಂಪಿಗೊಂದು ಹೆಸರು ಬೇಕಿತ್ತು, ಪರದೆ ಮಿಣುಕುತ್ತಿತ್ತು.
ಅವರನ್ನು ಕೇಳದೆ
ಜಾಯ್ಲೋ ಎಂದು ಟೈಪಿಸಿದೆ.
ಡಿಸ್ಕಿಗೆ ಬರೆಯಲೇ? ಬರೆದ ಮೇಲೆ ಹಿಂದಕ್ಕೆ ದಾರಿಯಿಲ್ಲ.
ಹೌದು.
ಕೆಟಲು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು.

ಏಪ್ರಿಲ್. ಬಿಶ್ಕೆಕ್‌ನ ಮಿನಿಬಸ್ಸಿನಲ್ಲಿ ನಿಂತಿದ್ದೆ,
ಒಂದು ಕೈ ಕಂಬಿಯಲ್ಲಿ, ಇನ್ನೊಂದರಲ್ಲಿ ಫೋನು:
ವಾರ್ ತೊಂಬತ್ತಮೂರು ಪರ್ಸೆಂಟ್.
ಹೆಬ್ಬೆರಳಿನಿಂದ ಒಂದು ಸಾಲು. ಮೂವತ್ತು ಸೇರಿತು.
ಅಲ್ಲಿ ಯಾರೂ ತಲೆ ಎತ್ತಿರಲಾರರು;
ಮರಿಗಳು ಒಂದರ ಹಿಂದೊಂದು
ಒದ್ದೆ ಮೈಯಲ್ಲೇ ಲೆಕ್ಕಕ್ಕೆ ಬರುತ್ತಿದ್ದವು.

ರಾತ್ರಿ ಬಾಯ್ಕೆಯ ಫೋನು.
ಕೆಸರು, ಅವಳಿ ಮರಿ, ಮೊಣಕಾಲು ನೋವು.
ಕೊನೆಗೆ, ದನಿ ತಗ್ಗಿಸಿ:
"ಮೇಲೆ ಎಷ್ಟು ಉಳಿದಿದೆ?"
"ನೂರ ತೊಂಬತ್ತು."
"ಸಾಕು. ಸಮಿತಿಯವರ ಮುಂದೆ ಬಾಯಿ ಬಿಡಬೇಡ."